ಎಫಿಯ ಬಲಗೈ

“ಮುಂದಿನದು ಲಾಕ್ಲಿನ್ ತಾನೇ ಕಟ್ಟಿದ ಮಟ್ಟು,” ಎಂದು ಪಾದ್ರಿಗಳು ಮೈಕಿನಲ್ಲಿ ಹೇಳಿದಾಗ ಎಫಿ ಪಿಯಾನೊ ಮುಂದೆ ಕೂತು ಕನ್ನಡಕ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

ಕೆನಡಾದ ಕೇಪ್ ಬ್ರೆಟನ್ ದ್ವೀಪದ ನಮ್ಮ ಚರ್ಚಿನ ಹಾಲ್ ಆ ಭಾನುವಾರ ಮಧ್ಯಾಹ್ನ ಕಿಕ್ಕಿರಿದಿತ್ತು. ರೇಡಿಯೊದವರು ಬಂದಿದ್ದರಿಂದ ಹೆಂಗಸರು ಚಹಾದ ಕಪ್ಪುಗಳನ್ನು ಸದ್ದಾಗದಂತೆ ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಪಿಟೀಲು ಹಿಡಿದ ಲಾಕ್ಲಿನ್‌ಗೆ ಎಪ್ಪತ್ತೊಂದು, ಎಫಿಗೆ ಅರವತ್ತಾರು. ಮೂವತ್ತೆಂಟು ವರ್ಷದಿಂದ ಅವನ ಪಿಟೀಲಿಗೆ ಅವಳದೇ ಪಿಯಾನೊ. ಚಳಿಗಾಲದಲ್ಲಿ ಹಿಮ ತೋಡಿ ಅವಳ ಬಾಗಿಲು ಬಿಡಿಸುತ್ತಿದ್ದವನು ಅವನು. ಅವನ ಹೆಂಡತಿ ಸತ್ತಾಗ ತಿಂಗಳುಗಟ್ಟಲೆ ಅಡುಗೆ ಮಾಡಿ ಹಾಕಿದವಳು ಇವಳು.

ಆದರೆ ಆ ಮಟ್ಟು ಕಟ್ಟಿದವನು ಎಫಿಯ ಅಣ್ಣ ಆರ್ಚಿ. ಕಲ್ಲಿದ್ದಲ ಗಣಿಯಿಂದ ಬಂದವನು ಮುಖ ಕೂಡ ತೊಳೆಯದೆ, ಅವಳ ಅಡುಗೆಮನೆಯಲ್ಲಿ ನಿಂತು, ಸಿಳ್ಳೆ ಹಾಕುತ್ತಲೇ ಅದನ್ನು ಕಟ್ಟಿದ್ದ. ಲಾಕ್ಲಿನ್ ಪಿಟೀಲಿಗೆ ಇಳಿಸಿಕೊಂಡ. ಆರ್ಚಿಯನ್ನು ಮಣ್ಣು ಮಾಡಿದ ದಿನ ಅದನ್ನೇ ನುಡಿಸಿ ಅತ್ತವನೂ ಅವನೇ. ಈ ಏಪ್ರಿಲ್‌ನಲ್ಲಿ ಅವನ ಹೊಸ ರೆಕಾರ್ಡು ಬಂತು. ಹೊದಿಕೆಯ ಮೇಲೆ ಆ ಮಟ್ಟು ಕಟ್ಟಿದವನೆಂದು ಲಾಕ್ಲಿನ್ ಹೆಸರಿತ್ತು.

ಎಫಿ ಒಮ್ಮೆ ಕೇಳಿದ್ದಳು.

“ಸತ್ತೋನು ಹೆಸರು ಕಟ್ಕೊಂಡು ಏನ್ ಮಾಡ್ತಾನೇ?” ಎಂದು ಅವನು ಅವಳ ಮೇಜಿನ ಮುಂದೆಯೇ ಕೂತು, ಅವಳು ಬೇಯಿಸಿದ ಬಿಸ್ಕತ್ತು ತಿನ್ನುತ್ತ ನಕ್ಕಿದ್ದ. “ನಾನಿಲ್ದಿದ್ರೆ ಆ ಮಟ್ಟು ಅವನ ಜೊತೇನೇ ಹೂತು ಹೋಗ್ತಿತ್ತು.”

ಅವಳು ಇನ್ನಷ್ಟು ಚಹಾ ಬಗ್ಗಿಸಿದಳು. ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ತಿಂಗಳು ಅವನ ಜೊತೆ ನಗುನಗುತ್ತ ನುಡಿಸಿದಳು. ಅಂಥ ತಾಳ್ಮೆಗೆ ಹೆದರಬೇಕು. ಲಾಕ್ಲಿನ್‌ಗೆ ಅಷ್ಟು ಬುದ್ಧಿ ಇರಲಿಲ್ಲ.

ಮೂರು ವರ್ಷದಿಂದ ಅವನ ಎಡಗೈ ಕಿರುಬೆರಳು ಸೆಟೆದುಕೊಂಡಿತ್ತು; ಮೇಲಿನ ಸ್ವರಗಳು ತಪ್ಪಿ ಹೋಗುತ್ತಿದ್ದವು. ತಪ್ಪಿದ್ದನ್ನೆಲ್ಲ ಎಫಿ ಪಿಯಾನೊ ಮೇಲೆ ಬಲಗೈಯಿಂದ ತುಂಬಿಕೊಡುತ್ತಿದ್ದಳು. ಊರಿಗೆ ಗೊತ್ತಾಗಲಿಲ್ಲ. ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ರೇಡಿಯೊದವನಿಗೆ ಬೆಳಿಗ್ಗೆಯಷ್ಟೇ ಹೇಳಿದ್ದ, “ಬೆರಳು ಇನ್ನೂ ಇಪ್ಪತ್ತರ ಹುಡುಗಂದೇ ಕಣಪ್ಪ.”

ಈಗ ಅವನು ಕಮಾನು ಎಳೆದ. ಎಫಿ ಎಡಗೈಯಲ್ಲಿ ಲಯ ಹಿಡಿದಳು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡಳು.

ಮೊದಲ ಸುತ್ತಿನಲ್ಲೇ ಮಟ್ಟಿಗೆ ಹಲ್ಲು ಉದುರಿದಂತಾಯಿತು. ಎರಡನೇ ಸುತ್ತಿಗೆ ಅವನು ನುಡಿಸುತ್ತಲೇ ಪಿಯಾನೊ ಹತ್ತಿರ ಸರಿದು ಪಿಸುಗುಟ್ಟಿದ.

“ಬಲಗೈಗೆ ಏನಾಯ್ತೇ?”

“ಏನೂ ಆಗಿಲ್ಲ. ನಿನ್ನ ಮಟ್ಟಲ್ವಾ, ನೀನೇ ನುಡಿಸ್ಕೋ.”

“ಎಫಿ, ರೇಡಿಯೊ ಕಣೇ.”

“ಗೊತ್ತು. ಅದಕ್ಕೇ ಕಾದಿದ್ದೆ.”

ನಡುವೆ ನಿಲ್ಲಿಸುವಂತಿರಲಿಲ್ಲ. ಕುಂಟಿಸಿಕೊಂಡು ಕೊನೆ ಮುಟ್ಟಿಸಿದ. ಜನ ಯಾವತ್ತಿಗಿಂತ ಹೆಚ್ಚೇ ಚಪ್ಪಾಳೆ ತಟ್ಟಿದರು, ಆಸ್ಪತ್ರೆಯಿಂದ ಮನೆಗೆ ಬಂದವನನ್ನು ಮಾತಾಡಿಸುವ ಹಾಗೆ. “ಪಾಪ, ವಯಸ್ಸಾಯ್ತಲ್ಲ, ಒಂದು ಕುರ್ಚಿನಾದ್ರೂ ಕೊಡ್ರೋ,” ಎಂದು ಮುಂದಿನ ಸಾಲಿನಿಂದ ಒಬ್ಬಾಕೆ ಹೇಳಿದಳು. ಯಾರೋ ಕುರ್ಚಿ ತಂದಿಟ್ಟರು. ಲಾಕ್ಲಿನ್‌ನ ಕಿವಿ ಕೆಂಪಾಯಿತು. ಎಫಿಗೆ ಖುಷಿಯಾಯಿತು, ಆದರೆ ಸಾಕಾಗಲಿಲ್ಲ.

“ನನ್ನ ಮಾನ ಕಳೆದಾಯ್ತಲ್ಲ, ತೃಪ್ತಿನಾ?” ಎಂದ.

“ಇನ್ನೊಂದ್ಸಲ ನುಡಿಸೋಣ. ಈ ಸಲ ಎರಡೂ ಕೈ ಕೊಡ್ತೀನಿ. ಮೊದ್ಲು ಅದು ಯಾರ್ದು ಅಂತ ಮೈಕಲ್ಲಿ ಹೇಳು.”

“ಹೇಳ್ದಿದ್ರೆ?”

“ಕೂತ್ಕೋ. ಕುರ್ಚಿ ತಂದಿದ್ದಾರೆ.”

ಅವನು ಕುರ್ಚಿಯನ್ನು ನೋಡಿದ, ಜನರನ್ನು ನೋಡಿದ. ಆಮೇಲೆ ಮೈಕಿನ ಮುಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡ.

ಎಫಿ ಎಡಗೈಯನ್ನೂ ಮಡಿಲಿಗೆ ತಂದುಕೊಂಡು ಅಣ್ಣನ ಹೆಸರಿಗೆ ಕಾಯುತ್ತ ಕೂತಳು.