ಐದಡಿ ಟೇಪು

ಒಂದು ಫಿಲ್ಮ್ ರೋಲಿಗೆ ನಾಲ್ಕು ರವಿಕೆಯ ಹೊಲಿಗೆ ಕೂಲಿ. ತೊಳೆಸಿ ಪ್ರಿಂಟ್ ಹಾಕಿಸಲು ಇನ್ನೂ ಮೂರು. ಕ್ಯಾಮೆರಾದ ಗುಂಡಿ ಒತ್ತುವ ಮುನ್ನ ನಾನು ಹೀಗೆ ರವಿಕೆ ಎಣಿಸುತ್ತಿದ್ದೆ. ಅದು ನನಗಿಂತ ಹಳೆಯ ಕ್ಯಾಮೆರಾ. ನೋಡುವ ಕಿಂಡಿಯ ನಡುವೆ ಒಂದು ಹಳದಿ ಚೌಕ. ಅದರಲ್ಲಿ ಎದುರಿನವರ ಮುಖ ಎರಡೆರಡಾಗಿ ಕಾಣುತ್ತಿತ್ತು. ಲೆನ್ಸ್ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಚಿತ್ರ ಸ್ಪಷ್ಟ.

ಬುಡನ್ ಸಾಬರು ನನ್ನ ಟೈಲರ್ ಅಂಗಡಿಯ ಪಕ್ಕದಲ್ಲೇ ಬಳೆ ಮಾರುತ್ತಿದ್ದರು. ಅವರೂ ಹೆಂಡತಿ ಹಜರತ್‌ಬಿಯೂ ಜೊತೆಗಿದ್ದ ಫೋಟೊ ಒಂದೂ ಇರಲಿಲ್ಲ. ಉಮೇದಿನಿಂದ ನಾನೇ ತೆಗೆದುಕೊಟ್ಟೆ. ಚೌಕದಲ್ಲಿ ಎಲ್ಲ ಒಂದಾಗಿತ್ತು. ಪ್ರಿಂಟಿನಲ್ಲಿ ಮುಖಗಳು ಬರೀ ಹೊಗೆ, ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ ಕೊರೆದಿಟ್ಟ ಹಾಗೆ.

"ತಾರೀಖು ಚೆನ್ನಾಗಿ ಬಂದಿದೆ ಟೈಲರಪ್ಪಾ. ನಾವೇ ಬಂದಿಲ್ಲ," ಎಂದರು ಸಾಬರು.

ಕೆಲವು ತಿಂಗಳಲ್ಲಿ ಅವರ ದವಡೆಯಲ್ಲಿ ಗಂಟೆದ್ದಿತು. ಅರ್ಧ ದವಡೆ ತೆಗೆಯಬೇಕೆಂದರು ಡಾಕ್ಟರು. ಹಜರತ್‌ಬಿ ನನ್ನ ಅಂಗಡಿಗೆ ಬಂದು ನಿಂತರು.

"ಅವರ ಈ ಮುಖ ಇನ್ನು ಎಂಟೇ ದಿನ ಬೇಟಾ. ನನಗದು ಬೇಕು."

"ಸ್ಟುಡಿಯೋದವನನ್ನ ಕರೆಸ್ತೀನಿ ಚಾಚಿ."

"ಕೆಡಿಸಿದವನು ನೀನು. ನೀನೇ ಸರಿಮಾಡು."

ಕ್ಯಾಮೆರಾ ರಿಪೇರಿಯವನು ಬಿಚ್ಚಿ ನೋಡಿ, ಒಳಗಿನ ಕನ್ನಡಿ ಜರುಗಿದೆ, ಬಿಡಿಭಾಗ ಸಿಗುವುದಿಲ್ಲ ಎಂದ. "ಲೆನ್ಸಿನ ಮೇಲೆ ಬರೆದಿರೋ ಅಡಿ ಲೆಕ್ಕ ಸರಿ ಇದೆ. ಕಿಂಡಿ ಮಾತ್ರ ಸುಳ್ಳು ಹೇಳ್ತದೆ."

ಅಡಿ ಲೆಕ್ಕ ನನ್ನ ಕೊರಳಲ್ಲೇ ನೇತಾಡುತ್ತಿತ್ತು. ಹೊಸ ರೋಲು ಹಾಕಿ, ಟೇಪು ಹಿಡಿದು ಅಂಗಡಿಯ ದಾರದುಂಡೆಗಳ ದೂರ ಅಳೆದಳೆದು ಫೋಟೊ ತೆಗೆದೆ. ಪ್ರಿಂಟು ಬಂದಾಗ, ಐದಡಿಯಲ್ಲಿ ಒಂದೊಂದು ಎಳೆಯೂ ಕಂಡಿತು. ಇನ್ನೊಂದು ರೋಲು ತಂದೆ.

ಸಾಬರ ಮನೆಯಲ್ಲಿ, ಅದೇ ಗೋಡೆಯ ಮುಂದೆ ಇಬ್ಬರನ್ನೂ ಕೂರಿಸಿದೆ. ಲೆನ್ಸನ್ನು ಐದಡಿಗೆ ತಿರುಗಿಸಿ, ಟೇಪಿನ ಒಂದು ತುದಿಯನ್ನು ಕ್ಯಾಮೆರಾಕ್ಕೆ ಒತ್ತಿ, ಇನ್ನೊಂದನ್ನು ಸಾಬರ ಕೆನ್ನೆಗೆ ಹಿಡಿಯಲು ಚಾಚಿಗೆ ಹೇಳಿದೆ.

"ಏನಪ್ಪಾ, ಹೆಣಕ್ಕೆ ಹೊದಿಸೋ ಕಫನ್‌ಗೆ ಅಳತೆನಾ?" ಎಂದರು ಸಾಬರು.

"ತೋಬಾ! ಮೊದಲು ಆ ನಾಲಗೆ ಕತ್ತರಿಸೋಕೆ ಹೇಳ್ತೀನಿ ಡಾಕ್ಟರಿಗೆ," ಎಂದು ಗದರಲು ಹೋದ ಚಾಚಿಗೂ ನಗು ಬಂದುಬಿಟ್ಟಿತು. ಹಳದಿ ಚೌಕದಲ್ಲಿ ಮುಖಗಳು ಇನ್ನೂ ಎರಡೆರಡಾಗಿಯೇ ಇದ್ದವು. ನಾನು ಅದನ್ನು ನಂಬಲಿಲ್ಲ. ಟೇಪು ತೆಗೆಯಿರಿ ಎನ್ನುವಷ್ಟು ತಾಳ್ಮೆಯೂ ಇರಲಿಲ್ಲ. ಒತ್ತಿಬಿಟ್ಟೆ.

ಆಮೇಲೆ ಗಂಭೀರವಾಗಿ ಕೂರಿಸಿ ರೋಲು ಮುಗಿಸಿದೆ. ಅವೆಲ್ಲ ಸ್ಪಷ್ಟವಾಗಿ ಬಂದವು, ಬಿಗಿದ ಎರಡು ಮುಖ. ಮೊದಲನೆಯದೊಂದೇ ಬೇರೆ. ಅದರಲ್ಲಿ ಬಿಳಿ ಟೇಪು ನನ್ನಿಂದ ಹೊರಟು ಅವರವರೆಗೂ ಹೋಗಿತ್ತು. ಗಂಟಿದ್ದ ಕೆನ್ನೆಯನ್ನು ಚಾಚಿಯ ಅಂಗೈ ಪೂರ್ತಿ ಮುಚ್ಚಿತ್ತು.

ಸಾಬರು ಬದುಕಿ ಬಂದರು, ಬೇರೆ ಮುಖ ಹೊತ್ತು, ಮಾತಿಲ್ಲದೆ. ಆ ಮೊದಲನೆಯ ಫೋಟೊ ಕೊಟ್ಟೆ. ಬಹಳ ಹೊತ್ತು ನೋಡಿದರು. ಮಸುಕಾಗಿದ್ದ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, ನನ್ನತ್ತ ಕೈಯಾಡಿಸಿದರು: ಈ ಸಲ ತಾರೀಖು ಬಂದಿಲ್ಲ.

ಹದಿನಾಲ್ಕು ರವಿಕೆಯ ಕೂಲಿ ಹೋಯಿತು. ಸಾಬರ ಮಾತು ಹೋಯಿತು. ಆ ನಗು ಉಳಿಯಿತು, ಕೆನ್ನೆಯ ಮೇಲೆ ಚಾಚಿಯ ಕೈ ಸಮೇತ.