ಬಾಕಿ ಉಳಿದ ಫೋರ್ಕು

ಪಂಕ್ಚರ್ ಅಂಟಿನ ವಾಸನೆ ಬಂದರೆ ಈಗಲೂ ನನಗೆ ಚಿಕ್ಕಂದಿನ ತಮ್ಮ ನೆನಪಾಗುತ್ತಾನೆ. ಬಿಡಿಭಾಗ ಜೋಡಿಸಿ ಸೈಕಲ್ ಮಾಡಿಕೊಡುವವನ ಅಂಗಡಿಯಲ್ಲೂ ಅದೇ ವಾಸನೆಯಿತ್ತು. ತಮ್ಮ ತನ್ನ ಅಳತೆಗೆ ಮಾಡಿಸುತ್ತಿದ್ದ ಸೈಕಲ್ಲಿಗೆ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಒಂದೇ ಬಾಕಿ. ಅಷ್ಟರಲ್ಲಿ ನರದ ಕಾಯಿಲೆ ಅವನ ಬೆರಳುಗಳ ಬಲವನ್ನೆಲ್ಲ ತಿಂದುಹಾಕಿತ್ತು.

"ಕಾರ್ಬನ್ ಹಗುರ, ಸ್ಟೀಲು ಗಟ್ಟಿ. ಯಾವುದು ಹಾಕ್ಲಿ ಸಾರ್?" ಎಂದ ಅಂಗಡಿಯವನು.

"ಬ್ರೇಕ್ ಸಲೀಸಾಗಿ ಹಿಡಿಯೋದು ಹಾಕಪ್ಪ," ಎಂದ ತಮ್ಮ.

"ಹಾಗಾದ್ರೆ ಡಿಸ್ಕ್ ಬ್ರೇಕಿನ ಫೋರ್ಕು. ಇದರ ಬ್ರೇಕ್ ಹಿಡಿ ಒತ್ತಿ ನೋಡಿ, ಬೆಣ್ಣೆ ಥರ ಇದೆ."

ತಮ್ಮ ಒತ್ತಿದ. ಎರಡೂ ಕೈ ಸೇರಿಸಿ ಒತ್ತಿದ. ಬ್ರೇಕಿನ ಹಿಡಿ ಅಲುಗಲಿಲ್ಲ.

"ಅಕ್ಕಾ, ಇನ್ನು ನನಗೆ ತಿನ್ನೋ ಫೋರ್ಕೇ ಗತಿ. ಅದೂ ಕೈಯಲ್ಲಿ ನಿಲ್ಲಲ್ಲ," ಎಂದು ನಕ್ಕ. ನನಗೂ ಅಂಗಡಿಯವನಿಗೂ ನಗು ಬರಲಿಲ್ಲ.

ಅಂಗಡಿಯವನು ಫೋರ್ಕುಗಳನ್ನು ಮತ್ತೆ ಗೋಡೆಯ ಮೊಳೆಗೆ ನೇತುಹಾಕಿದ. ಮುಂದಿನ ಚಕ್ರವಿಲ್ಲದ ಸೈಕಲ್ಲನ್ನೇ ನೋಡುತ್ತ ತಮ್ಮ ಕುಳಿತುಬಿಟ್ಟ. ಆಗ ಅಂಗಡಿಯವನು ತನ್ನ ಚೀಲದಿಂದ ಒಂದು ಚಮಚ ತೆಗೆದು, ಹ್ಯಾಂಡಲ್ಲಿಗೆ ಸುತ್ತುವ ಮೆತ್ತನೆಯ ಟೇಪನ್ನು ಅದರ ಹಿಡಿಗೆ ಕೈಯಲ್ಲಿ ನಿಲ್ಲುವಷ್ಟು ದಪ್ಪವಾಗಿ ಸುತ್ತಿದ. ತನ್ನ ಊಟದ ಡಬ್ಬಿ ಬಿಚ್ಚಿ, ಚಮಚವನ್ನು ಅದರಲ್ಲಿಟ್ಟು, ಡಬ್ಬಿಯನ್ನು ತಮ್ಮನ ಕೈಗಿತ್ತ.