ಹನ್ನೆರಡಕ್ಕೆ ಐದು ಜೋಡಿ

ಟೀಚರ್ ಯಶೋಧರಾಗೆ ಮೈಯೆಲ್ಲ ಉರಿದುಹೋಯಿತು. ಜಾವಗಲ್ಲಿನಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಅರಸೀಕೆರೆಗೆ ಕರೆತಂದಿದ್ದ ತನ್ನ ಶಾಲೆಯ ಹುಡುಗಿ ಮೇಘಶ್ರೀಯ ಉತ್ತರಪತ್ರಿಕೆಯ ಮೇಲೆ ಐದು ಕೆಂಪು ಗೀಟುಗಳು, ಒಂದರ ಕೆಳಗೊಂದು. ತಾಲ್ಲೂಕು ಗಣಿತ ಸ್ಪರ್ಧೆಯಲ್ಲಿ ಮೊದಲು ಬಂದವರೊಬ್ಬರೇ ಜಿಲ್ಲಾ ಸ್ಪರ್ಧೆಗೆ ಹಾಸನಕ್ಕೆ ಹೋಗುವುದು. ಮೇಘಶ್ರೀ ಎರಡನೆಯವಳಾಗಿದ್ದಳು, ಅದೂ ಈ ಗೀಟುಗಳ ದೆಸೆಯಿಂದ.

ಪ್ರಶ್ನೆ ಸುಲಭದ್ದೇ. ಮೊತ್ತ ಹನ್ನೆರಡು ಬರುವ ಐದು ಜೋಡಿ ಪೂರ್ಣಾಂಕಗಳನ್ನು ಬರೆಯಿರಿ. ಉಳಿದ ಮಕ್ಕಳು ಏಳು ಮತ್ತು ಐದು, ಎಂಟು ಮತ್ತು ನಾಲ್ಕು ಎಂದು ಗೀಚಿ ಕೈತೊಳೆದುಕೊಂಡಿದ್ದರು. ಇವಳು ಮಾತ್ರ 15 ಮತ್ತು −3, 20 ಮತ್ತು −8 ಎಂದು ಐದಕ್ಕೈದನ್ನೂ ಹಾಗೇ ಬರೆದಿದ್ದಳು. ತೆಂಗಿನಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುವ ಮನೆಯ ಹುಡುಗಿ. ಅಟ್ಟಕ್ಕೇರಿದ ಕಾಯಿಯೆಲ್ಲ ಕೆಡದೆ ಕೆಳಗಿಳಿದದ್ದನ್ನು ಅವಳು ಕಂಡೇ ಇರಲಿಲ್ಲ. ಕೊಳೆತದ್ದನ್ನು ಕಳೆಯದೆ ಅವಳ ಅಜ್ಜಿ ದೇವೀರಮ್ಮ ಯಾವ ಲೆಕ್ಕವನ್ನೂ ಒಪ್ಪುತ್ತಿರಲಿಲ್ಲ.

ತೀರ್ಪುಗಾರರಾದ ಚಿದಂಬರ ಮೇಷ್ಟ್ರು ಪತ್ರಿಕೆಯತ್ತ ಕಣ್ಣು ಕೂಡ ಹಾಯಿಸಲಿಲ್ಲ.

"ಹನ್ನೆರಡು ಬರೋಕೆ ಹದಿನೈದು ಯಾಕಮ್ಮ ಬೇಕು? ಕೂಡೋದು ಕೇಳಿದ್ರೆ ಕಳೆಯೋದು ಬರೆದವ್ಳೆ. ನಮ್ಮ ಉತ್ತರದ ಹಾಳೇಲಿ ಇವೆಲ್ಲ ಇಲ್ಲ."

"ಋಣ ಪೂರ್ಣಾಂಕಾನೂ ಪೂರ್ಣಾಂಕವೇ ಅಲ್ವಾ ಸಾರ್? ಏಳನೇ ಕ್ಲಾಸಿನ ಪುಸ್ತಕದಲ್ಲೇ ಇದೆ."

"ಇರ್ಬೋದಮ್ಮ. ನೀವಿನ್ನೂ ಹೊಸಬ್ರು. ಮುಂದಿನ ವರ್ಷ ಎಲ್ಲರ ಹಾಗೆ ಬರೆಯೋದು ಕಲಿಸಿ."

ಎಂಥ ಉಡಾಫೆ. ಯೋಚಿಸಿ ಬರೆದ ಮಗುವಿಗೆ ಇನ್ನು ಮೇಲೆ ಯೋಚಿಸಬೇಡವೆಂದು ಕಲಿಸಬೇಕಂತೆ, ಅದಕ್ಕೂ ಒಬ್ಬ ಟೀಚರು ಬೇಕಂತೆ. ಯಶೋಧರಾ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಮೇಘಶ್ರೀ ಅವಳ ಸೆರಗು ಜಗ್ಗಿ, ಪತ್ರಿಕೆಯ ತುದಿಯಲ್ಲಿ ಬೆರಳಿಟ್ಟಳು.

"ಮಿಸ್, ಇದೂ ಹಂಗೇ ಐತೆ."

ಅಲ್ಲಿದ್ದದ್ದು ಮೇಷ್ಟ್ರದೇ ಕೈಬರಹ. ಸರಿಯುತ್ತರಗಳಿಗೆ 45. ಈ ಒಂದು ತಪ್ಪಿಗೆ ದಂಡವಾಗಿ −5. ಅವೆರಡರ ಕೆಳಗೆ ಗೆರೆ ಎಳೆದು, ಮೊತ್ತ 40.

ಯಶೋಧರಾ ಪತ್ರಿಕೆಯನ್ನು ಅವರ ಕಾಫಿ ಲೋಟದ ಪಕ್ಕದಲ್ಲಿ ಹರವಿದಳು.

"ನಲವತ್ತು ಬರೋಕೆ ನಲವತ್ತೈದು ಯಾಕೆ ಬೇಕಾಯ್ತು ಸಾರ್ ನಿಮಗೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ತಾವೇ ಬರೆದದ್ದನ್ನು ಬೆರಳಿಟ್ಟು ಕೂಡಿ ನೋಡಿದರು. ಆ ದಂಡ ಹೋಗಿ ಐದು ಅಂಕ ಸೇರಿದರೆ ಹುಡುಗಿಗೆ ಐವತ್ತಕ್ಕೆ ಐವತ್ತು. ಮೊದಲು ಬಂದವನಿಗೆ ನಲವತ್ತಾರು.

"ಗೆದ್ದವನ ಹೆಸರು ಓದಿ ಆಗೋಯ್ತಲ್ಲಮ್ಮ," ಎಂದರು. ದನಿ ಸಣ್ಣದಾಗಿತ್ತು.

"ಇನ್ನೊಂದ್ಸಲ ಓದಿ ಸಾರ್," ಎಂದು ಯಶೋಧರಾ ಮೇಜಿನ ಮೇಲಿದ್ದ ಮೈಕನ್ನು ಅವರ ಮುಂದಕ್ಕೆ ಸರಿಸಿದಳು. "ನಾವು ಕೇಳಿಸ್ಕೊಂಡೇ ಬಸ್ ಹತ್ತೋದು."